ಚಿವಿತಾ: ಬುಡದಿಂದ ಓದಬೇಕಾದ ಊರು

ಇಟಲಿಯ ಚಿವಿತಾ ದಿ ಬಾನ್ಯೊರೇಜೊಗೆ ನಾನು ಮೊದಲ ಸಲ ಹೋದದ್ದು ಒಂದು ಪ್ರವಾಸಿ ತಂಡದ ಜೊತೆ. ಮಟಮಟ ಮಧ್ಯಾಹ್ನ ಸೇತುವೆ ಹತ್ತಿಸಿದರು, ಚೌಕದಲ್ಲಿ ನಿಲ್ಲಿಸಿ ಇಗರ್ಜಿ ತೋರಿಸಿದರು, ನಲವತ್ತು ನಿಮಿಷ ಕೊಟ್ಟು ವಾಪಸ್ ಕರೆದರು. ಕಲ್ಲಿನ ಮನೆಗಳು, ಕಿಟಕಿಗಳಲ್ಲಿ ಹೂವಿನ ಕುಂಡ, ಬಿಸಿಲಲ್ಲಿ ಮಲಗಿದ ಬೆಕ್ಕುಗಳು. ಎಲ್ಲ ಚೆಂದವೇ. ಆದರೆ ಹಿಂತಿರುಗುವಾಗ ತಲೆಯಲ್ಲಿ ಎರಡು ಪ್ರಶ್ನೆ ಹಾಗೇ ಉಳಿದವು. ಅಷ್ಟು ಎತ್ತರದ ಗುಡ್ಡದ ತಲೆಯ ಮೇಲೆ ಅಂಗೈಯಗಲದ ಊರು ಯಾಕೆ? ಬಿಷಪ್ಪರ ಪೀಠವಿದ್ದ ಊರು ಇಷ್ಟೇ ಇರಲು ಸಾಧ್ಯವಿಲ್ಲ; ಮಿಕ್ಕದ್ದು ಎಲ್ಲಿ ಹೋಯಿತು?

ಮರುವರ್ಷ ಅಮ್ಮ ಪುತ್ತೂರಿನಿಂದ ರೋಮಿಗೆ, ನನ್ನ ಮನೆಗೆ ಬಂದಳು. ಅವಳನ್ನು ಕರೆದುಕೊಂಡು ಹೋಗುವ ನೆಪದಲ್ಲಿ ಆ ನಡಿಗೆಯನ್ನು ನಾನೇ ಕಟ್ಟಿದೆ. ಒಂದು ವಾರ ರಾತ್ರಿ ಊಟವಾದ ಮೇಲೆ ನಕ್ಷೆ ಹರಡಿಕೊಂಡು ಕೂತೆ. ಮೊದಲು ಇಗರ್ಜಿ, ಅರಮನೆ, ಬಾಗಿಲು ಅಂತ ನೋಡುವ ಜಾಗಗಳ ಪಟ್ಟಿ ಮಾಡಿದ್ದೆ. ಮೂರನೇ ದಿನ ಅದನ್ನು ಹರಿದು ಹಾಕಿದೆ. ಈ ಊರಿನ ಕಥೆ ಕಟ್ಟಡಗಳಲ್ಲಿ ಶುರುವಾಗುವುದಿಲ್ಲ, ಅವು ನಿಂತ ನೆಲದಲ್ಲಿ ಶುರುವಾಗುತ್ತದೆ. ಮೊದಲು ಬುಡ, ಆಮೇಲೆ ಅಂಚು, ಕೊನೆಗೆ ಚೌಕ ಎಂದು ಇಟ್ಟುಕೊಂಡೆ. ನೋಟ್‌ಬುಕ್ಕಿನ ಒಂದೇ ಹಾಳೆಯಲ್ಲಿ ಒಂಬತ್ತು ನಿಲುಗಡೆ, ಪ್ರತಿ ನಿಲುಗಡೆಗೂ ಒಂದು ಪ್ರಶ್ನೆ. ಮಾಹಿತಿಯನ್ನು ಬೇಕೆಂದೇ ಬರೆದುಕೊಳ್ಳಲಿಲ್ಲ. ಮಾಹಿತಿ ಕೈಯಲ್ಲಿದ್ದರೆ ಕಣ್ಣು ಕಾಗದದ ಮೇಲೆಯೇ ಇರುತ್ತದೆ, ಪ್ರಶ್ನೆ ಇದ್ದರೆ ಗೋಡೆಯ ಮೇಲೆ ಹೋಗುತ್ತದೆ.

ರೋಮಿನಿಂದ ಒರ್ವಿಯೆತೊಗೆ ರೈಲು, ಅಲ್ಲಿಂದ ಬಾನ್ಯೊರೇಜೊಗೆ ಬಸ್ಸು. ಬಸ್ಸುಗಳು ಕಡಿಮೆ, ಅದರಲ್ಲೂ ಭಾನುವಾರ ಬಸ್ಸನ್ನು ನಂಬಿ ಹೊರಡಬೇಡಿ. ನಾವು ಹೋದದ್ದು ಮೇ ತಿಂಗಳ ಒಂದು ಮಂಗಳವಾರ, ಬೆಳಗ್ಗಿನ ಗಾಡಿಗೆ. ಬಾನ್ಯೊರೇಜೊ ಎಂದರೆ ಈಗ ಜನ ವಾಸವಿರುವ ಪೇಟೆ. ಚಿವಿತಾ ಅದರಾಚೆ, ಕಣಿವೆಯ ನಡುವೆ ಒಂಟಿಯಾಗಿ ನಿಂತಿದೆ. ಪೇಟೆಯ ಉದ್ದಕ್ಕೂ ನಡೆದರೆ ಅರ್ಧ ಗಂಟೆಯಲ್ಲಿ ರಸ್ತೆ ಮುಗಿದು ಕಣಿವೆಯಂಚಿನ ಕಟ್ಟೆ ಸಿಗುತ್ತದೆ. ಎಲ್ಲರೂ ಅಲ್ಲಿ ಫೋಟೊ ತೆಗೆದು ಇಳಿದುಬಿಡುತ್ತಾರೆ. ನನ್ನ ಹಾಳೆಯಲ್ಲಿ ಆ ಕಟ್ಟೆಗೇ ಮುಕ್ಕಾಲು ಗಂಟೆ.

ಅಲ್ಲಿ ಕೂತು ನೋಡಿದರೆ ಊರಿನ ಕೆಳಗಿನ ಗುಡ್ಡ ಎರಡು ಬಣ್ಣದ್ದು. ಮೇಲಿನ ಭಾಗ ಕಂದು, ನೆಟ್ಟಗೆ ಗೋಡೆಯಂತೆ ಕತ್ತರಿಸಿಕೊಂಡು ನಿಂತಿದೆ. ಅದು ತೂಫೊ, ಬೊಲ್ಸೇನಾ ಸರೋವರದ ಕಡೆಯ ಹಳೆಯ ಜ್ವಾಲಾಮುಖಿಗಳು ಉಗುಳಿದ ಬೂದಿ ಗಟ್ಟಿಯಾಗಿ ಆದ ಕಲ್ಲು. ಕೆಳಗಿನದು ಬಿಳಿಚು ಬೂದು ಬಣ್ಣದ ಜೇಡಿ. ಒಂದು ಕಾಲದಲ್ಲಿ ಇಲ್ಲಿ ಕಡಲಿತ್ತು, ಅದರ ತಳದ ಕೆಸರು ಅದು. ಗಟ್ಟಿಯದ್ದು ಮೇಲೆ, ಮೆತ್ತನೆಯದ್ದು ಕೆಳಗೆ. ಮಳೆ ಜೇಡಿಯನ್ನು ಕೊರೆಯುತ್ತದೆ, ಬುಡ ಸಡಿಲವಾದಾಗ ಮೇಲಿನ ತೂಫೊ ತುಂಡಾಗಿ ಬೀಳುತ್ತದೆ, ಅದರ ಮೇಲಿದ್ದ ಮನೆಯೂ ಜೊತೆಗೇ ಹೋಗುತ್ತದೆ. ಗುಡ್ಡದ ಎರಡೂ ಪಕ್ಕ ಒಂದೊಂದು ಹಳ್ಳ ಹರಿಯುತ್ತದೆ. ಒಂದರ ಹೆಸರು ರಿಯೊ ಕ್ಯಾರೊ, ತಿಳಿನೀರಿನ ಹಳ್ಳ. ಇನ್ನೊಂದು ರಿಯೊ ತೋರ್ಬಿದೊ, ಕದಡಿದ ನೀರಿನ ಹಳ್ಳ. ತಮ್ಮ ಊರಿನ ಮಣ್ಣು ಯಾವ ದಾರಿಯಾಗಿ ಹೋಗುತ್ತಿದೆ ಎಂದು ಹಿಂದಿನವರಿಗೆ ಗೊತ್ತಿತ್ತು, ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ಕಣಿವೆಯ ತುಂಬ ಜೇಡಿಯ ಬೋಳು ಏಣುಗಳು, ನಡುನಡುವೆ ಸೀಳು. ಅವನ್ನು ಕಲಾಂಕಿ ಎನ್ನುತ್ತಾರೆ.

ನಾನು ಇಷ್ಟನ್ನೆಲ್ಲ ವಿವರಿಸಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂತ ಮಗಾ, ಇದು ನಮ್ಮ ಮುರಕಲ್ಲಿನ ಹಾಗೇ ಅಲ್ವಾ? ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ" ಎಂದಳು. ಹುಟ್ಟು ಬೇರೆ, ಮುರಕಲ್ಲು ಜ್ವಾಲಾಮುಖಿಯ ಬೂದಿಯಲ್ಲ. ಆದರೆ ಗುಣ ಹಾಗೇ. ತೂಫೊವನ್ನೂ ಸುಲಭವಾಗಿ ಕಡಿದು ಇಟ್ಟಿಗೆ ಮಾಡಬಹುದು, ಅದರೊಳಗೆ ಗುಹೆ ತೋಡಬಹುದು. ಈ ಊರನ್ನು ಸುಮಾರು 2500 ವರ್ಷಗಳ ಹಿಂದೆ ಕಟ್ಟಿದ ಎತ್ರುಸ್ಕನ್ನರಿಗೆ, ಎಂದರೆ ರೋಮನ್ನರ ಆಳ್ವಿಕೆಗೆ ಮೊದಲು ಈ ಸೀಮೆಯಲ್ಲಿದ್ದ ಜನರಿಗೆ, ಈ ಗುಡ್ಡದಲ್ಲಿ ಕೋಟೆ, ಕಲ್ಲುಕೋರೆ, ನೆಲಮಾಳಿಗೆ, ಸಮಾಧಿ ನಾಲ್ಕೂ ಒಂದೇ ಕಡೆ ಸಿಕ್ಕಿದ್ದವು. ನನ್ನ ಮೊದಲ ಪ್ರಶ್ನೆಗೆ ಕಟ್ಟೆಯ ಮೇಲೆ ಕೂತೇ ಉತ್ತರ ಸಿಕ್ಕಿತು.

ಕೆಳಗಿಳಿದು ಟಿಕೆಟ್ ತೆಗೆದುಕೊಂಡೆವು, ತಲೆಗೆ 5 ಯೂರೋ. ಕಾಲುಸೇತುವೆ ಸುಮಾರು 300 ಮೀಟರ್ ಉದ್ದ, ಕೊನೆಯ ಭಾಗ ಚೆನ್ನಾಗಿಯೇ ಏರು. ಹಳೆಯ ಸೇತುವೆಯನ್ನು 1944ರಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೈನ್ಯ ಸಿಡಿಸಿತು, ಈಗಿನದು 1965ರದ್ದು. ಅಮ್ಮನಿಗೆ ಮಂಡಿನೋವು. ಮೂರು ಕಡೆ ನಿಂತು ಹೋಗುವುದೆಂದು ಮೊದಲೇ ಮಾತಾಡಿಕೊಂಡಿದ್ದೆವು, ಆದರೆ ಏರಿನಲ್ಲಿ ಐದು ಸಲ ನಿಲ್ಲಬೇಕಾಯಿತು. ವಯಸ್ಸಾದವರು ಜೊತೆಗಿದ್ದರೆ ಸೇತುವೆಗೇ ಅರ್ಧ ಗಂಟೆ ಇಟ್ಟುಕೊಳ್ಳಿ, ಬಿಸಿಲೇರುವ ಮೊದಲು ಹತ್ತಿ. ಅಲ್ಲಿ ಒಂದು ಚೂರು ನೆರಳಿಲ್ಲ.

ಊರಬಾಗಿಲು ಪೋರ್ತಾ ಸಾಂತಾ ಮರಿಯಾ. ಕಮಾನು ಮಧ್ಯಯುಗದ್ದು, ಅದರ ಕೆಳಗಿನ ದಾರಿ ಅದಕ್ಕಿಂತ ಎಷ್ಟೋ ಹಳೆಯದು, ಎತ್ರುಸ್ಕನ್ನರು ಬಂಡೆಯನ್ನೇ ಕಡಿದು ಮಾಡಿದ್ದು. ಒಳಗೆ ಹೋದ ಸ್ವಲ್ಪದರಲ್ಲೇ ಮೂರನೇ ನಿಲುಗಡೆ, ಒಂದು ಹಳೆಯ ಅರಮನೆಯ ಮುಂಗೋಡೆ. ಹಾಳೆಯಲ್ಲಿದ್ದ ಪ್ರಶ್ನೆ: "ಈ ಕಿಟಕಿಯ ಹಿಂದೆ ಯಾವ ಕೋಣೆ?" ಅಮ್ಮ ಕತ್ತೆತ್ತಿ ನೋಡಿದಳು. ಕಿಟಕಿಯಲ್ಲಿ ಕಂಡದ್ದು ಬರೀ ಆಕಾಶ. ಕೋಣೆ, ಛಾವಣಿ, ಹಿಂಗೋಡೆ ಎಲ್ಲ ಕಣಿವೆಗೆ ಹೋಗಿವೆ, ಮುಖವೊಂದೇ ಉಳಿದಿದೆ. ಹಿಂದಿನ ವರ್ಷ ನಾನು ಇದರ ಕೆಳಗೇ ನಡೆದು ಹೋಗಿದ್ದೆ, ತಲೆ ಎತ್ತಿರಲಿಲ್ಲ.

ಇಲ್ಲಿಂದ ಜನ ನೇರ ಚೌಕಕ್ಕೆ ಹೋಗುತ್ತಾರೆ. ನಾವು ಅಂಚಿನ ಓಣಿಗಳನ್ನು ಹಿಡಿದೆವು. ಇಲ್ಲಿ ಹೀಗೆ ಮಾಡಿ: ಯಾವ ಓಣಿ ಸಿಕ್ಕರೂ ಅದು ನಿಲ್ಲುವವರೆಗೆ ಹೋಗಿ. ಪ್ರತಿ ಓಣಿಯೂ ಒಂದು ಕಟಕಟೆಯ ಹತ್ತಿರ ತಟ್ಟನೆ ಕೊನೆಯಾಗುತ್ತದೆ. ಊರು ಮೊದಲು ಅಲ್ಲಿಗೆ ಮುಗಿಯುತ್ತಿರಲಿಲ್ಲ, ಓಣಿ ಮುಂದಕ್ಕೆ ಹೋಗುತ್ತಿತ್ತು. 1695ರ ಭೂಕಂಪದಲ್ಲಿ ಬಹಳಷ್ಟು ಕುಸಿಯಿತು. ಆಮೇಲೆ ಬಿಷಪ್ಪರ ಪೀಠ ಬಾನ್ಯೊರೇಜೊಗೆ ಹೋಯಿತು, ಹಿಂದೆಯೇ ಜನ ಹೋದರು. ಈಗ ವರ್ಷವಿಡೀ ಇಲ್ಲೇ ಇರುವವರು ಬೆರಳೆಣಿಕೆಯಷ್ಟು ಮಂದಿ. 13ನೇ ಶತಮಾನದ ದೊಡ್ಡ ಚಿಂತಕ, 1274ರಲ್ಲಿ ತೀರಿಕೊಂಡ ಸಂತ ಬೊನವೆಂತೂರ ಇದೇ ಊರಿನವನು. ಅವನು ಹುಟ್ಟಿದ ಮನೆ ಇದ್ದ ಕಡೆ ಒಂದು ಫಲಕವಿದೆ, ಮನೆ ಯಾವಾಗಲೋ ಕಣಿವೆ ಸೇರಿದೆ. ಫಲಕದ ಮುಂದೆ ಅಮ್ಮ ಕೈಮುಗಿದಳು. ನಾನೂ ಮುಗಿದೆ.

ಓಣಿಗಳಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಮನೆಯ ಹೊರಗೋಡೆಗೆ ಅಂಟಿದ ಕಲ್ಲಿನ ಮೆಟ್ಟಿಲು. ಬೀದಿಯಿಂದ ಮೇಲಂತಸ್ತಿನ ಬಾಗಿಲಿಗೆ ನೇರ ಹತ್ತುತ್ತದೆ, ಮೇಲೆ ಒಂದು ಪುಟ್ಟ ಜಗಲಿ. ಪ್ರೊಫೆರ್ಲೊ ಎಂದು ಅದಕ್ಕೆ ಹೆಸರು, ವಿತೆರ್ಬೊ ಸೀಮೆಯ ಮಧ್ಯಯುಗದ ಮನೆಗಳ ಗುರುತು. ಇಂಥ ಒಂದು ಮೆಟ್ಟಿಲಿನ ಎದುರು ಅಮ್ಮ ಹತ್ತು ನಿಮಿಷ ನಿಂತಳು. ಸಾವಿರಾರು ಕಾಲು ಸವೆಸಿ ಮೆಟ್ಟಿಲಿನ ನಡುಭಾಗ ಬಟ್ಟಲಿನಂತಾಗಿತ್ತು.

ಪೂರ್ವದ ತುದಿಯಲ್ಲಿ ದಾರಿ ಕೆಳಗಿಳಿಯುತ್ತದೆ. ಅಲ್ಲಿ ಬಂಡೆಯೊಳಗೆ ತೋಡಿದ ಒಂದು ಕೋಣೆ, ಎತ್ರುಸ್ಕನ್ನರ ಸಮಾಧಿ. ಈಗ ಅದು ಮಾತೆ ಮರಿಯಳ ಪುಟ್ಟ ಗುಡಿ, ಹೆಸರು ಮದೊನ್ನಾ ದೆಲ್ ಕಾರ್ಚೆರೆ, ಎಂದರೆ ಸೆರೆಮನೆಯ ಮಾತೆ. ಅಮ್ಮನನ್ನು ಮೇಲೆ ಕಲ್ಲಿನ ಮೇಲೆ ಕೂರಿಸಿ ನಾನೊಬ್ಬಳೇ ಇಳಿದೆ. ಆ ಇಳಿಜಾರು ಸಣ್ಣ ಜಲ್ಲಿಯದ್ದು, ಜಾರುತ್ತದೆ. ಅಡಿಭಾಗ ನುಣುಪಾದ ಚಪ್ಪಲಿ ಬೇಡವೇ ಬೇಡ.

ಮೇಲೆ ಬಂದಾಗ ಹಸಿವು. ಹಳೆಯ ಎಣ್ಣೆಗಾಣವಿದ್ದ ಗುಹೆಯೊಂದರಲ್ಲಿ ಈಗ ಬ್ರೆಡ್ ಸುಟ್ಟು, ಬೆಳ್ಳುಳ್ಳಿ ಉಜ್ಜಿ, ಆಲಿವ್ ಎಣ್ಣೆ ಸುರಿದು ಕೊಡುತ್ತಾರೆ. ಅರೆಯುವ ಕಲ್ಲು ಅಲ್ಲೇ ಇದೆ. ಅದನ್ನು ಕಂಡದ್ದೇ ಅಮ್ಮನ ಮುಖ ಅರಳಿತು. "ನಮ್ಮ ಅಜ್ಜನ ಮನೆಯಲ್ಲಿ ಎತ್ತಿನ ಗಾಣ ಇತ್ತು. ಇಲ್ಲಿ ಎಂತದನ್ನು ಕಟ್ಟುತ್ತಿದ್ದರು?" ಕತ್ತೆಯನ್ನು. ಈ ಊರಿನ ಭಾರವನ್ನೆಲ್ಲ ಹೊತ್ತದ್ದು ಕತ್ತೆಗಳೇ, ಜೂನ್ ಮತ್ತು ಸೆಪ್ಟೆಂಬರಿನಲ್ಲಿ ಇಂದಿಗೂ ಚೌಕದಲ್ಲಿ ಕತ್ತೆ ಓಟ ನಡೆಯುತ್ತದೆ. ಚೌಕಕ್ಕೆ ಕಲ್ಲು ಹಾಸದೆ ಬರೀ ಮಣ್ಣುಜಲ್ಲಿ ಬಿಟ್ಟಿದ್ದಾರೆ.

ಹಾಗೆ ಕೊನೆಗೆ ಚೌಕ. ಸಾನ್ ದೊನಾತೊ ಇಗರ್ಜಿ, ಎದುರಿಗೆ ಹಳೆಯ ಕಂಬಗಳ ಮೋಟು ತುಂಡುಗಳು. ಕಂಬಗಳು ಇಗರ್ಜಿಗಿಂತ ಹಳೆಯವು, ಈ ಜಾಗದಲ್ಲಿ ಮೊದಲು ಬೇರೆ ದೇವರ ಗುಡಿಯಿತ್ತು. ಪಕ್ಕದ ಅರಮನೆಯಲ್ಲಿ ಭೂವಿಜ್ಞಾನ ಮತ್ತು ಭೂಕುಸಿತಗಳ ವಸ್ತುಸಂಗ್ರಹಾಲಯವಿದೆ. ಅದನ್ನು ದಯವಿಟ್ಟು ಕೊನೆಗೆ ನೋಡಿ. ಗುಡ್ಡವನ್ನು ಬಿಗಿದು ನಿಲ್ಲಿಸಲು ಎಂಜಿನಿಯರುಗಳು ಏನೇನು ಮಾಡುತ್ತಿದ್ದಾರೆ ಎಂಬುದು ಅಲ್ಲಿದೆ. ಓಣಿಗಳ ಕೊನೆಯಲ್ಲಿ ನಿಂತು ಬಂದವರಿಗೆ ಅದು ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಮೊದಲೇ ಹೊಕ್ಕರೆ ಬರೀ ನಕ್ಷೆ, ಫಲಕ.

ಒಟ್ಟು ಐದು ಗಂಟೆ ಹಿಡಿಯಿತು, ಕಟ್ಟೆಯ ಮುಕ್ಕಾಲು ಗಂಟೆಯೂ ಸೇರಿ. ಕೊನೆಯ ಬಸ್ಸಿಗೆ ಕಾಯದೆ ಅದರ ಹಿಂದಿನದಕ್ಕೇ ಲೆಕ್ಕ ಹಾಕಿದ್ದರಿಂದ ಅಮ್ಮ ಸಾವಕಾಶವಾಗಿ ನಡೆದು ಬಂದಳು. ಸೇತುವೆಯ ಬುಡದಲ್ಲಿ ನಿಂತು ಹಿಂದಿರುಗಿ ನೋಡಿ, ಕೋಲಿನಿಂದ ಗಾಳಿಯಲ್ಲೇ ಗೆರೆ ಎಳೆದಳು: "ಅಗೋ, ಅಲ್ಲಿವರೆಗೆ ಜೇಡಿ. ಅಲ್ಲಿಂದ ಮೇಲೆ ಕಲ್ಲು."

ಹಾಳೆಯಲ್ಲಿ ಒಂದು ಪ್ರಶ್ನೆ ಬಾಕಿ ಇದೆ. ನಾವು ಹೋದಾಗ ಮಳೆಯಿರಲಿಲ್ಲ, ಹಳ್ಳ ಮೇಲಿನಿಂದ ಕಾಣಲಿಲ್ಲ. ನವೆಂಬರಿನಲ್ಲಿ ಎರಡು ದಿನ ಜಡಿಮಳೆ ಹೊಡೆದ ಮೇಲೆ ಹೋಗಬೇಕು, ರಿಯೊ ತೋರ್ಬಿದೊದ ನೀರು ಯಾವ ಬಣ್ಣಕ್ಕೆ ತಿರುಗುತ್ತದೆಂದು ನೋಡಲು.