ಲಾರಿಯ ಟೂಲ್ ಬಾಕ್ಸ್‌ಗೆ ನಾನು ಬೋಲ್ಟ್ ಆರಿಸುವ ರೀತಿ

ಟೂಲ್ ಬಾಕ್ಸ್, ಸ್ಟೆಪ್ನಿ ಕ್ಯಾರಿಯರ್, ನೀರಿನ ಟ್ಯಾಂಕ್, ಏಣಿ. ಲಾರಿಗೆ ಇವನ್ನು ಕೂರಿಸುವ ಕೆಲಸ ಕಲಬುರಗಿಯಲ್ಲಿ ವರ್ಷಪೂರ್ತಿ ಇರುತ್ತದೆ. ಶಹಾಬಾದ್ ಫರಸಿ ಹೊರುವ ಗಾಡಿ, ಸೇಡಂ ಕಡೆಯ ಸಿಮೆಂಟ್ ಗಾಡಿ, ಸುಗ್ಗಿ ಬಂದರೆ ನೆಹರೂ ಗಂಜ್‌ಗೆ ತೊಗರಿ ತರುವ ಗಾಡಿ. ಮಾಲೀಕರು ತಗಡಿನ ದಪ್ಪ ಕೇಳುತ್ತಾರೆ, ಬಣ್ಣ ಕೇಳುತ್ತಾರೆ. ಬೋಲ್ಟ್ ವಿಷಯಕ್ಕೆ ಬಂದರೆ "ದಪ್ಪಂದು ಹಾಕ್ರಿ" ಅಂದು ಚಹಾಕ್ಕೆ ಹೋಗುತ್ತಾರೆ.

ನಾನು ಮೊದಲು ನೋಡುವುದು ಬೋಲ್ಟಿನ ತಲೆ. ಅದರ ಮೇಲೆ ಗಟ್ಟಿತನದ ದರ್ಜೆ 8.8 ಅಥವಾ 10.9 ಅಂತ ಎದ್ದು ಕಾಣಬೇಕು, ಜೊತೆಗೆ ತಯಾರಕರ ಗುರುತೂ ಇರಬೇಕು. ಬೋಳು ತಲೆ ಇದ್ದರೆ ಅದು 4.6 ಅನ್ನುವ ಮೆತ್ತಗಿನ ದರ್ಜೆ ಅಂತಲೇ ಲೆಕ್ಕ, ಅಂಗಡಿಯವರು "ಹೈಟೆನ್ಸೈಲ್ ಮಾಲು" ಅಂತ ಎಷ್ಟು ಆಣೆ ಹಾಕಿದರೂ. 8.8 ಅಂದರೆ ಚದರ ಮಿಲಿಮೀಟರಿಗೆ ಸುಮಾರು 80 ಕೆಜಿ ಎಳೆತಕ್ಕೆ ಬೋಲ್ಟ್ ತುಂಡಾಗುತ್ತದೆ. ಅದರ 80 ಪರ್ಸೆಂಟ್ ದಾಟಿದರೆ ಉದ್ದವಾಗಿ ಹಾಗೇ ಉಳಿದುಬಿಡುತ್ತದೆ. 12 ಎಂಎಂ ಬೋಲ್ಟಿಗೆ ಲೆಕ್ಕ ಹಾಕಿದರೆ ಹಾಗೆ ಉದ್ದವಾಗದೆ 8.8 ಐದು ಟನ್‌ಗಿಂತ ಸ್ವಲ್ಪ ಜಾಸ್ತಿ ತಡೆಯುತ್ತದೆ, 4.6 ಸುಮಾರು ಎರಡು ಟನ್.

ಇಲ್ಲೇ ಒಂದು ಪ್ರಶ್ನೆ ಬರುತ್ತದೆ. ಸ್ಟೆಪ್ನಿ ಟೈರು ರಿಮ್ಮು ಸೇರಿ ಹೆಚ್ಚುಕಡಿಮೆ ನೂರು ಕೆಜಿ. ಎರಡು ಟನ್ ತಡೆಯುವ ನಾಲ್ಕು ಬೋಲ್ಟ್ ಇದ್ದರೆ ಧಾರಾಳ ಆಯಿತಲ್ವಾ? ಹಾಗಿದ್ದೂ ಯಾಕೆ ಮುರಿಯುತ್ತವೆ?

ಬೇರೆ ಕಡೆ ಕೂರಿಸಿದ ಕ್ಯಾರಿಯರ್ ಒಂದು ಪಕ್ಕಕ್ಕೆ ಜೋತುಬಿದ್ದು ಗಾಡಿಯೊಂದು ಬಂದಿತ್ತು. ಮುರಿದ ಬೋಲ್ಟ್ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದೆ. ಮುಕ್ಕಾಲು ಭಾಗ ನುಣ್ಣಗೆ, ಅದರ ಮೇಲೆ ಕಮಾನಿನಂಥ ಸಣ್ಣ ಸಣ್ಣ ಗೆರೆಗಳು. ಉಳಿದ ಕಾಲು ಭಾಗ ಮಾತ್ರ ಒರಟು, ಹರಳು ಹರಳು. ಒಂದೇ ಏಟಿಗೆ ಮುರಿದದ್ದಾದರೆ ಹೀಗೆ ಕಾಣುವುದಿಲ್ಲ. ಒಂದು ಮೂಲೆಯಲ್ಲಿ ಬಿರುಕು ಶುರುವಾಗಿ, ಪ್ರತಿ ಗುಂಡಿಗೂ ಕೂದಲೆಳೆಯಷ್ಟು ಮುಂದೆ ಹೋಗಿ, ಕೊನೆಗೆ ಉಳಿದ ಕಾಲು ಭಾಗ ಕೈಕೊಟ್ಟಿದೆ. ವಾಷರ್ ಸುತ್ತ ಕೆಂಪು ಪುಡಿಯೂ ಇತ್ತು. ಬ್ರಾಕೆಟ್ ಚಾಸಿಸ್ ಮೇಲೆ ಉಜ್ಜಾಡುತ್ತಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಬೋಲ್ಟ್ ಅಂದರೆ ಅಂಗಿ ನೇತುಹಾಕುವ ಗೂಟ ಅಲ್ಲ. ಅದರ ಕೆಲಸ ಬ್ರಾಕೆಟ್ ಮತ್ತು ಚಾಸಿಸ್ ಎರಡನ್ನೂ ಒತ್ತಿ ಹಿಡಿಯುವುದು. ಆ ಒತ್ತಡದಿಂದ ಬರುವ ಹಿಡಿತವೇ ಭಾರ ಹೊರುತ್ತದೆ. 12 ಎಂಎಂ 8.8 ಬೋಲ್ಟನ್ನು ಸುಮಾರು 80 ನ್ಯೂಟನ್ ಮೀಟರ್ ಬಿಗಿದರೆ ಮೂರು ಟನ್ ಮೇಲೆ ಒತ್ತುತ್ತದೆ. 4.6 ಬೋಲ್ಟನ್ನು ಅಷ್ಟು ಬಿಗಿಯಲು ಹೋದರೆ ಎಳೆದುಕೊಂಡುಬಿಡುತ್ತದೆ, ಅದರ ಅರ್ಧಕ್ಕೂ ಕಡಿಮೆ ಬಿಗಿದು ನಿಲ್ಲಿಸಬೇಕು. ಆಗ ಗುಂಡಿಯಲ್ಲಿ ಗಾಡಿ ಎಗರಿದಾಗ ಬ್ರಾಕೆಟ್ ಜಾರುತ್ತದೆ. ಜಾರಿದ ಮೇಲೆ ಬೋಲ್ಟಿಗೆ ಬಾಗುವ ಕೆಲಸ ಶುರು. ನಾನು 8.8ಕ್ಕೆ ಕೊಡುವ ಜಾಸ್ತಿ ದುಡ್ಡು ಹೀಗೆ ಬಿಗಿಯುವುದಕ್ಕೇ. ಸುಮ್ನೆ 8.8 ತಂದು ಕೈಬಿಗಿ ಮಾಡಿ ಬಿಟ್ಟರೆ ದಂಡ.

ಹಾಗಾಗಿ ನಡುವೆ ಬರುವ ಎಲ್ಲದರ ಮೇಲೂ ನನಗೆ ಕಣ್ಣು. ಬ್ರಾಕೆಟ್ ಕೂರುವ ಜಾಗದ ದಪ್ಪ ಬಣ್ಣ ಕೆರೆದು, ತುಕ್ಕು ಹಿಡಿಯದಂತೆ ತೆಳ್ಳಗೆ ಪ್ರೈಮರ್ ಹೊಡೆಯುತ್ತೇನೆ. "ಸದ್ದು ಬರಬಾರದು" ಅಂತ ರಬ್ಬರ್ ಕೊಡುವವರು ಇದ್ದಾರೆ. ರಬ್ಬರ್ ಬಾಕ್ಸ್ ಒಳಗೆ ಹಾಕಿ, ಬೋಲ್ಟಿನ ಕೆಳಗೆ ಬೇಡ. ಅದು ಕುಗ್ಗಿದಷ್ಟೂ ಬಿಗಿ ಹೋಗುತ್ತದೆ. ಸ್ಪ್ರಿಂಗ್ ವಾಷರನ್ನೂ ನಾನು ಬಿಟ್ಟಿದ್ದೇನೆ. 8.8 ಬಿಗಿಗೆ ಅದು ಚಪ್ಪಟೆಯಾಗಿ ಬರೀ ವಾಷರ್ ಆಗಿ ಉಳಿಯುತ್ತದೆ. ದಪ್ಪನೆಯ ಗಟ್ಟಿ ವಾಷರ್, 8 ಅಂತ ಗುರುತಿರುವ ನೈಲಾಕ್ ನಟ್, ಇಷ್ಟೇ. ಸೈಲೆನ್ಸರ್ ಹತ್ತಿರ ಮಾತ್ರ ನೈಲಾಕ್ ಬೇಡ. 120 ಡಿಗ್ರಿ ದಾಟಿದರೆ ಅದರ ನೈಲಾನ್ ಬಳೆ ಮೆತ್ತಗಾಗುತ್ತದೆ. ಅಲ್ಲಿ ಪೂರ್ತಿ ಲೋಹದ ಲಾಕ್ ನಟ್.

ನಮ್ಮ ಕಡೆ ಈಗಲೂ ಸೂತಿನ ಲೆಕ್ಕ ನಡೆಯುತ್ತದೆ. "ನಾಲ್ಕು ಸೂತು ಕೊಡ್ರಿ" ಅಂದರೆ ಅರ್ಧ ಇಂಚಿನದು ಬರುತ್ತದೆ. ಅದರ ನಟ್ 12 ಎಂಎಂ ಬೋಲ್ಟಿಗೆ ಒಂದೆರಡು ಸುತ್ತು ಹೋಗಿಯೂ ಬಿಡುತ್ತದೆ. ಆಮೇಲೆ ಪಾನಾ ಹಾಕಿ ಒತ್ತಿದರೆ ಥ್ರೆಡ್ ತಿಂದು ಹಾಕುತ್ತದೆ. ಹಾಗಾಗಿ ನಟ್ಟು ಬೋಲ್ಟು ಎರಡನ್ನೂ ಒಂದೇ ಅಂಗಡಿಯಲ್ಲಿ, ಒಂದಕ್ಕೊಂದು ಕೈಯಲ್ಲೇ ಪೂರ್ತಿ ತಿರುಗಿಸಿ ನೋಡಿ ತರುತ್ತೇನೆ.

ಸ್ಟೀಲ್ ಬೋಲ್ಟ್ ಹಾಕಿ, ಫಳಫಳ ಅನ್ನಲಿ ಅನ್ನುವ ಗಿರಾಕಿಗಳೂ ಇದ್ದಾರೆ. ಸ್ಟೇನ್‌ಲೆಸ್ ಎ2-70 ಬೋಲ್ಟ್ 8.8ಕ್ಕಿಂತ ಮೆತ್ತಗೆ, ಮೇಲಾಗಿ ಬಿಗಿಯುವಾಗ ನಟ್ ಕಚ್ಚಿಕೊಳ್ಳುತ್ತದೆ. ನಂಬರ್ ಪ್ಲೇಟಿಗೆ ಸರಿ. ಇನ್ನು 12.9 ಅಲೆನ್ ಬೋಲ್ಟ್ ತಂದು "ಇದಕ್ಕಿಂತ ಗಟ್ಟಿ ಇಲ್ಲ" ಅನ್ನುವವರು. ಗಟ್ಟಿ ಹೌದು, ಆದರೆ ಅದಕ್ಕೆ ಸತುವಿನ ಪ್ಲೇಟಿಂಗ್ ಮಾಡಿಸಿದರೆ ಹೈಡ್ರೋಜನ್ ಒಳಹೊಕ್ಕು ಪಟ್ಟನೆ ಸಿಡಿಯುವ ಭಯ ಇದೆ. ಕಪ್ಪಗೇ ಬಿಟ್ಟರೆ ಎರಡು ಮಳೆಗೆ ತುಕ್ಕು. ಟೂಲ್ ಬಾಕ್ಸಿಗೆ ಅದರ ಅಗತ್ಯವೇ ಇಲ್ಲ. ಬುಲ್ ಬಾರ್, ಅಂದರೆ ಗಾಡಿಯ ಮುಂದೆ ಹಾಕುವ ಕಬ್ಬಿಣದ ಅಡ್ಡಗಂಬಿ, ಕೇಳಿ ಬಂದವರನ್ನು ಹಾಗೇ ವಾಪಸ್ ಕಳಿಸುತ್ತೇನೆ, 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ಹಾಕುವಂತಿಲ್ಲ ಅಂದಿದೆ.

ತೂತಿನ ವಿಷಯ ಚುಟುಕಾಗಿ: ಚಾಸಿಸ್‌ನ ಮೇಲಿನ, ಕೆಳಗಿನ ಪಟ್ಟಿಗೆ ಡ್ರಿಲ್ ಮುಟ್ಟಿಸುವುದಿಲ್ಲ. ಪಕ್ಕದ ಗೋಡೆಯಲ್ಲಿ ಕಂಪನಿ ಬಿಟ್ಟಿರುವ ತೂತಿಗೇ ಬ್ರಾಕೆಟ್ ಹೊಂದಿಸುತ್ತೇನೆ. ಗ್ಯಾಸ್ ಕಟರ್ ಅಂತೂ ಹತ್ತಿರ ತರುವುದಿಲ್ಲ.

ಕೆಲಸ ಮುಗಿದ ಮೇಲೆ ನಟ್ಟಿನಿಂದ ಬ್ರಾಕೆಟ್ ಮೇಲೆ ಹಾಯುವಂತೆ ಹಳದಿ ಬಣ್ಣದ ಒಂದು ಗೆರೆ ಎಳೆಯುತ್ತೇನೆ. ಗೆರೆ ತುಂಡಾಗಿ ಕಂಡರೆ ನಟ್ ತಿರುಗಿದೆ ಅಂತ ಡ್ರೈವರ್‌ಗೆ ತಿಳಿಯುತ್ತದೆ, ಪಾನಾ ಹಿಡಿಯಬೇಕಿಲ್ಲ. ಆದರೆ ಬ್ರಾಕೆಟ್ ಅಡಿಯ ಬಣ್ಣ ಕುಗ್ಗಿ ಬಿಗಿ ಸಡಿಲಾದರೆ ಗೆರೆ ಹಾಗೇ ಇರುತ್ತದೆ. ಅದಕ್ಕೇ ಒಂದು ಲೋಡ್ ಹುಮನಾಬಾದ್ ಕಡೆ ಹೋಗಿಬಂದ ಮೇಲೆ ಗಾಡಿ ತನ್ನಿ, ಬಿಗಿ ಅಳೆಯುವ ಟಾರ್ಕ್ ಪಾನಾ ಹಾಕಿ ಮತ್ತೆ ನೋಡುತ್ತೇನೆ ಅಂತ ಹೇಳಿ ಕಳಿಸುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೂ ಬರುವವರು ಅರ್ಧಕ್ಕರ್ಧ ಜನ.