ಎರಡು ತಪ್ಪುಗಳು ಕೊಟ್ಟ ಸರಿ ಉತ್ತರ

ಮೊದಲ ಸಲ ಲೆಕ್ಕ ಹಾಕಿದಾಗ ಎನ್‌ಜಿಸಿ 3198 ಎಂಬ ಸುರುಳಿ ಗೆಲಾಕ್ಸಿಯ ದೂರ 4.9 ಕೋಟಿ ಜ್ಯೋತಿರ್ವರ್ಷ ಎಂದು ಬಂತು. ಹಬಲ್ ದೂರದರ್ಶಕದಿಂದ ಅಲ್ಲಿನ ಸಿಫೀಡ್ ನಕ್ಷತ್ರಗಳನ್ನು (ಹೊಳಪು ಏರಿಳಿಯುವ ಅವಧಿಯಿಂದಲೇ ತಮ್ಮ ನಿಜವಾದ ಹೊಳಪು ತಿಳಿಸುವ ನಕ್ಷತ್ರಗಳು) ಗಮನಿಸಿ ಖಗೋಳ ವಿಜ್ಞಾನಿಗಳು ಹೇಳಿರುವ ದೂರ ಸುಮಾರು 4.5 ಕೋಟಿ. ವ್ಯತ್ಯಾಸ ಶೇಕಡ 9 ಮಾತ್ರ! ಅಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರಿಗೆಲ್ಲ ಇದನ್ನು ಎರಡೆರಡು ಸಲ ಹೇಳಿದೆ. ಆ ಲೆಕ್ಕದೊಳಗೆ ಎರಡು ದೊಡ್ಡ ತಪ್ಪುಗಳಿದ್ದವು ಎಂದು ಗೊತ್ತಾದದ್ದು ಮೂರು ವಾರ ಕಳೆದ ಮೇಲೆ.

ನಾನು ಭೌತವಿಜ್ಞಾನ ಕಲಿಸುವ ಮೇಷ್ಟರು, ಸಂಶೋಧಕನಲ್ಲ. ಈ ಕೆಲಸಕ್ಕೆ ಹಚ್ಚಿದ್ದು ತರಗತಿಯ ಕೊನೆಯ ಬೆಂಚಿನ ಹುಡುಗಿ. 'ಅಷ್ಟು ಕೋಟಿ ಜ್ಯೋತಿರ್ವರ್ಷ ಅಂತ ಯಾರು ಸರ್ ಟೇಪು ಹಿಡಿದು ಅಳೆದದ್ದು?' ಎಂದು ಕೇಳಿದಳು. ಪುಸ್ತಕದ ಉತ್ತರ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ಒಪ್ಪಿದಂತೆ ಕಾಣಲಿಲ್ಲ. ಮನೆಗೆ ಬಂದ ಮೇಲೆ ನನಗೂ ಒಪ್ಪಿಗೆಯಾಗಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿಯೂ ಒಂದೇ ಒಂದು ಗೆಲಾಕ್ಸಿಯ ದೂರವನ್ನು ನಾನೇ ಅಳೆದು ನೋಡಿರಲಿಲ್ಲ.

ಹಿಡಿದ ದಾರಿ 1977ರಲ್ಲಿ ಖಗೋಳ ವಿಜ್ಞಾನಿಗಳಾದ ಬ್ರೆಂಟ್ ಟಲ್ಲಿ ಮತ್ತು ರಿಚರ್ಡ್ ಫಿಶರ್ ಪ್ರಕಟಿಸಿದ್ದು. ಹೆಚ್ಚು ತೂಕದ ಗೆಲಾಕ್ಸಿ ಹೆಚ್ಚು ವೇಗವಾಗಿ ತಿರುಗುತ್ತದೆ; ಅದರಲ್ಲಿ ನಕ್ಷತ್ರಗಳೂ ಹೆಚ್ಚು, ಆದ್ದರಿಂದ ಬೆಳಕೂ ಹೆಚ್ಚು. ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತಿಳಿದರೆ ಅದರ ನಿಜವಾದ ಹೊಳಪು ತಿಳಿಯಿತು. ನಮಗೆ ಕಾಣುವ ಹೊಳಪಿನ ಜೊತೆ ಅದನ್ನು ಹೋಲಿಸಿದರೆ ದೂರ ಸಿಕ್ಕಿತು. ತಿರುಗುವಿಕೆಯಿಂದ ದೂರ ಕಾಣುವ ಯೋಚನೆ ಇನ್ನೂ ಹಳೆಯದು. ಎಸ್ಟೋನಿಯಾದ ಖಗೋಳ ವಿಜ್ಞಾನಿ ಅರ್ನ್‌ಸ್ಟ್ ಎಪಿಕ್ 1922ರಲ್ಲೇ ಆಂಡ್ರೊಮಿಡಾ ಗೆಲಾಕ್ಸಿಯ ತಿರುಗುವ ವೇಗ ಹಿಡಿದು ಅದು ಸುಮಾರು 15 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ಲೆಕ್ಕ ಕಟ್ಟಿದ್ದರು. ನಿಜವಾದ ದೂರ 25 ಲಕ್ಷ. ಆದರೂ ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಹೊರಗಿದೆಯೋ ಒಳಗಿದೆಯೋ ಎಂದು ದೊಡ್ಡವರೇ ಜಗಳವಾಡುತ್ತಿದ್ದ ಕಾಲದಲ್ಲಿ, ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಅಲ್ಲಿ ಸಿಫೀಡ್ ಕಾಣುವುದಕ್ಕೂ ಮೊದಲು ಬಂದ ಉತ್ತರವದು. ಎಪಿಕ್ ಅವರಿಗೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ ಎಂಬುದು ನನ್ನ ದೂರು.

ವೇಗ ಅಳೆಯಲು ಬೇಕಾದದ್ದು ಹೈಡ್ರೊಜನ್ ಅನಿಲ ಹೊರಸೂಸುವ 21 ಸೆಂಟಿಮೀಟರ್ ರೇಡಿಯೊ ಅಲೆ. ಅದರ ಆವರ್ತನ 1420.4 ಮೆಗಾಹರ್ಟ್ಸ್. ಎನ್‌ಜಿಸಿ 3198 ನಮ್ಮಿಂದ ಸೆಕೆಂಡಿಗೆ ಸುಮಾರು 660 ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿರುವುದರಿಂದ ಅದರ ಅಲೆ ನಮಗೆ 1417.3ರ ಆಸುಪಾಸಿನಲ್ಲಿ ಕೇಳಿಸುತ್ತದೆ. ಅಷ್ಟೇ ಅಲ್ಲ, ತಟ್ಟೆಯಂತಿರುವ ಗೆಲಾಕ್ಸಿಯ ಒಂದು ಮಗ್ಗುಲು ತಿರುಗುತ್ತ ನಮ್ಮತ್ತ ಬರುತ್ತಿರುತ್ತದೆ, ಇನ್ನೊಂದು ಹಿಂದೆ ಸರಿಯುತ್ತಿರುತ್ತದೆ. ಹೀಗಾಗಿ ಒಂದು ಗೆರೆಯಾಗಬೇಕಿದ್ದದ್ದು ಅಗಲವಾಗಿ ಹರಡುತ್ತದೆ. ಗ್ರಾಫ್ ಬರೆದರೆ ಎರಡು ತುದಿಯಲ್ಲೂ ಎದ್ದು ನಡುವೆ ತಗ್ಗಿದ ಆಕಾರ. ನನ್ನ ವಿದ್ಯಾರ್ಥಿಗಳು ಇದಕ್ಕೆ 'ಎತ್ತಿನ ಕೊಂಬು' ಎಂದು ಹೆಸರಿಟ್ಟರು. ಖಗೋಳ ವಿಜ್ಞಾನಿಗಳೂ ಇದನ್ನು ಜೋಡಿ ಕೊಂಬು ಎಂದೇ ಕರೆಯುವುದು ಎಂದಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ರೇಡಿಯೊ ದೂರದರ್ಶಕಗಳ ಇಂಥ ಮಾಹಿತಿ ಸಾರ್ವಜನಿಕವಾಗಿ ಉಚಿತವಾಗಿ ಸಿಗುತ್ತದೆ. ಎರಡು ಕಂಬಸಾಲಿನ ಹಾಳೆ: ವೇಗ ಒಂದು ಕಡೆ, ಸಂಕೇತದ ಬಲ ಇನ್ನೊಂದು ಕಡೆ. ಕಂಪ್ಯೂಟರಿನಲ್ಲೇ ಮಾಡಬಹುದಿತ್ತು, ಆದರೂ ಗ್ರಾಫ್ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದೆ. ಕೈಯಲ್ಲಿ ಬರೆದರೆ ಗದ್ದಲ ಎಲ್ಲಿ ಮುಗಿದು ಸಂಕೇತ ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗುತ್ತದೆ. ಕೊಂಬುಗಳ ಅರ್ಧ ಎತ್ತರದಲ್ಲಿ ಅಡ್ಡಗೆರೆ ಎಳೆದು ಅಳೆದಾಗ ಬಂದ ಅಗಲ ಸೆಕೆಂಡಿಗೆ 300 ಕಿಲೋಮೀಟರ್.

ಹೊಳಪಿನ ಕೆಲಸಕ್ಕೆ ಮಾತ್ರ ತಾಳ್ಮೆ ಬೇಕು. ಅವಕೆಂಪಿಗೆ ಹತ್ತಿರದ ಬಣ್ಣದಲ್ಲಿ ತೆಗೆದ, ಆಕಾಶದ ಚಿತ್ರ ತೆಗೆಯುವ ಸ್ಲೋನ್ ಸಮೀಕ್ಷೆಯ ಚಿತ್ರವನ್ನು ಇಳಿಸಿಕೊಂಡೆ. ನೀಲಿ ಬಣ್ಣದಲ್ಲಿ ಹೊಸ ನಕ್ಷತ್ರಗಳ ಆರ್ಭಟವೂ ದೂಳಿನ ಕಾಟವೂ ಹೆಚ್ಚು. ಕೆಂಪಿನ ಕಡೆ ಹೋದಷ್ಟೂ ಲೆಕ್ಕ ಹದಕ್ಕೆ ಬರುತ್ತದೆ. ಗೆಲಾಕ್ಸಿಯ ಮುಂದೆ ಅಡ್ಡ ನಿಂತ ನಮ್ಮದೇ ಆಕಾಶಗಂಗೆಯ ನಕ್ಷತ್ರಗಳನ್ನು ಒಂದೊಂದಾಗಿ ಮುಚ್ಚಬೇಕು, ಆಕಾಶದ ಮಂದ ಬೆಳಕನ್ನು ಕಳೆಯಬೇಕು, ಉಳಿದ ಪಿಕ್ಸೆಲ್‌ಗಳನ್ನು ಕೂಡಬೇಕು. ಎರಡು ಭಾನುವಾರಗಳು ಹೋದವು. ಸಿಕ್ಕಿದ ಕಾಂತಿಮಾನ, ಅಂದರೆ ಹೊಳಪಿನ ಅಳತೆ, 9.7. ಈ ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು.

ಇನ್ನು ಉಳಿದದ್ದು ಸೂತ್ರ. ಹೆಲೆನ್ ಕೂರ್ತ್ವಾ ಅವರ ಜೊತೆ ಟಲ್ಲಿಯವರೇ 2012ರಲ್ಲಿ ಹೊಸದಾಗಿ ಹೊಂದಿಸಿದ್ದನ್ನು ಆರಿಸಿಕೊಂಡೆ. ಅಗಲದ ಲಾಗರಿಥಮ್‌ನಿಂದ 2.5 ಕಳೆದು, ಉಳಿದದ್ದನ್ನು 8.81ರಿಂದ ಗುಣಿಸಿ, ಬಂದದ್ದನ್ನು −21.39ರಿಂದ ಕಳೆದರೆ ನಿಜ ಕಾಂತಿಮಾನ. ನನಗೆ ಬಂದದ್ದು −21.19. ಕಾಣುವ ಮತ್ತು ನಿಜವಾದ ಕಾಂತಿಮಾನಗಳ ಅಂತರ 30.89, ಅದರಿಂದ ಬರುವ ದೂರ 4.9 ಕೋಟಿ. ಊಟದ ಹೊತ್ತಿನ ಸಂಭ್ರಮ ಇದರದ್ದೇ.

ಗುಟ್ಟು ಬಯಲು ಮಾಡಿದ್ದು ಮೀನ ರಾಶಿಯ ಎಂ74. ಪೂರ್ತಿ ದುಂಡಗೆ, ಸುರುಳಿಗಳೆಲ್ಲ ಬಿಚ್ಚಿ ಹರಡಿಕೊಂಡು ಕಾಣುವ, ಬಹಳ ಚೆಂದದ ಗೆಲಾಕ್ಸಿ. ಅದೇ ಲೆಕ್ಕ ಹಾಕಿದೆ. ದೂರ 25 ಲಕ್ಷ ಜ್ಯೋತಿರ್ವರ್ಷ ಎಂದು ಬಂತು! ಅಂದರೆ ಎಂ74 ನಮಗೆ ಆಂಡ್ರೊಮಿಡಾದಷ್ಟೇ ಹತ್ತಿರದ ನೆರೆಮನೆ. ವಾಸ್ತವದಲ್ಲಿ ಅದು ಮೂರು ಕೋಟಿಗೂ ಆಚೆ ಇದೆ.

ಹಾಳೆಗಳನ್ನೆಲ್ಲ ಹರಡಿಕೊಂಡು ಕುಳಿತೆ. ಮೊದಲ ತಪ್ಪು ಕಾಣಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ನಾಚಿಕೆ ಮಾತ್ರ ಹೆಚ್ಚಾಯಿತು. ತಿರುಗುವ ತಟ್ಟೆಯನ್ನು ನೇರ ಮೇಲಿನಿಂದ ನೋಡಿದರೆ ಯಾವ ಭಾಗವೂ ನಮ್ಮತ್ತ ಬರುವುದಿಲ್ಲ, ಹಿಂದೆ ಸರಿಯುವುದೂ ಇಲ್ಲ. ಕೊಂಬುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಟ್ಟೆ ಎಷ್ಟು ವಾಲಿದೆ ಎಂದು ತಿಳಿದು, ಅಳೆದ ಅಗಲವನ್ನು ಆ ಕೋನದ ಸೈನ್‌ನಿಂದ ಭಾಗಿಸಬೇಕು. ತರಗತಿಯಲ್ಲಿ ನಾನೇ ಬೋರ್ಡಿನ ಮೇಲೆ ಬರೆದು ತೋರಿಸಿದ್ದ ವಿಷಯವಿದು. ಎನ್‌ಜಿಸಿ 3198ರ ಚಿತ್ರದಲ್ಲಿ ಉದ್ದ 8.5, ಅಗಲ 3.3 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ). ತಟ್ಟೆಗೂ ಸ್ವಲ್ಪ ದಪ್ಪವಿದೆ ಎಂಬುದನ್ನು ಸೇರಿಸಿಕೊಂಡರೆ ವಾಲಿಕೆ 70 ಡಿಗ್ರಿ. ತಿದ್ದಿದ ಕೊಂಬಿನ ಅಗಲ ಸೆಕೆಂಡಿಗೆ 319 ಕಿಲೋಮೀಟರ್.

ಎರಡನೆಯ ತಪ್ಪು ಹೆಚ್ಚು ಕಳ್ಳತನದ್ದು. ಕಾಂತಿಮಾನಕ್ಕೆ ಸೊನ್ನೆ ಎಲ್ಲಿ ಎಂಬುದರ ಬಗ್ಗೆ ಖಗೋಳದಲ್ಲಿ ಎರಡು ಪದ್ಧತಿಗಳಿವೆ. ಒಂದು ಅಭಿಜಿತ್ ನಕ್ಷತ್ರವನ್ನು ಆಧಾರವಾಗಿಟ್ಟುಕೊಂಡದ್ದು, ಮತ್ತೊಂದು ಎಬಿ ಎಂಬ ಹೆಸರಿನದ್ದು. ನನ್ನ ಚಿತ್ರ ಎಬಿ ಪದ್ಧತಿಯದು, ಸೂತ್ರ ಅಭಿಜಿತ್‌ನದು. ಈ ಬಣ್ಣದಲ್ಲಿ ಎರಡರ ನಡುವೆ ಸುಮಾರು 0.4ರ ವ್ಯತ್ಯಾಸ. ಸೇರಿನಲ್ಲಿ ಅಳೆದು ಕಿಲೋದ ದರ ಹಾಕಿದ ಹಾಗಾಗಿತ್ತು. ಇದೊಂದೇ ದೂರವನ್ನು ಶೇಕಡ 20ರಷ್ಟು ಹಿಗ್ಗಿಸುತ್ತದೆ. ಇದರ ಜೊತೆಗೆ ಗೆಲಾಕ್ಸಿಯೊಳಗಿನ ದೂಳು ನುಂಗಿದ ಬೆಳಕಿಗಾಗಿ ಇನ್ನೂ 0.3 ಕಳೆಯಬೇಕಿತ್ತು, ಅದನ್ನೂ ಬಿಟ್ಟಿದ್ದೆ. ತಪ್ಪು ಎರಡೂವರೆ ಎಂದು ಬೇಕಾದರೆ ಲೆಕ್ಕ ಇಟ್ಟುಕೊಳ್ಳಿ. 9.7 ಹೋಗಿ 9.0 ಆಯಿತು.

ಎಲ್ಲ ಸರಿಪಡಿಸಿ ಮತ್ತೆ ಲೆಕ್ಕ ಹಾಕಿದರೆ ದೂರ 3.95 ಕೋಟಿ ಜ್ಯೋತಿರ್ವರ್ಷ. ಸಿಫೀಡ್ ಹೇಳುವುದಕ್ಕಿಂತ ಶೇಕಡ 12 ಕಡಿಮೆ! ತಪ್ಪು ಲೆಕ್ಕದ ಉತ್ತರವೇ ಹೆಚ್ಚು ಹತ್ತಿರವಿತ್ತು. ವಾಲಿಕೆ ಮರೆತದ್ದು ದೂರವನ್ನು ಕುಗ್ಗಿಸಿತ್ತು, ಹೊಳಪಿನ ಎಡವಟ್ಟು ಹಿಗ್ಗಿಸಿತ್ತು, ಒಂದು ಇನ್ನೊಂದನ್ನು ನುಂಗಿ ನನಗೆ ಶಭಾಷ್ ಹೇಳಿದ್ದವು. ಈ ವಿಧಾನದಲ್ಲಿ ಒಂದೊಂದು ಗೆಲಾಕ್ಸಿಗೂ ಶೇಕಡ 20ರಷ್ಟು ಏರುಪೇರು ಸಹಜ, ಹಾಗಾಗಿ 12 ಎಂಬುದು ಅವಮಾನವಲ್ಲ. ಆದರೆ ಆ 9 ಶುದ್ಧ ಮೋಸ.

ತಿದ್ದಿಕೊಂಡ ಮೇಲೆ ಎಂ74ಕ್ಕೆ ಮರಳಿದೆ, ಸೋತೆ. ದುಂಡಗಿನ ಗೆಲಾಕ್ಸಿಯಲ್ಲಿ ಅಗಲಕ್ಕೂ ಉದ್ದಕ್ಕೂ ಇರುವ ಅನುಪಾತ 0.95 ಎಂದುಕೊಂಡರೆ ವಾಲಿಕೆ 19 ಡಿಗ್ರಿ, 0.98 ಎಂದುಕೊಂಡರೆ 12 ಡಿಗ್ರಿ. ಚಿತ್ರದಲ್ಲಿ ಈ ವ್ಯತ್ಯಾಸ ನನ್ನ ಕಣ್ಣಿಗಂತೂ ಕಾಣುವುದಿಲ್ಲ. ದೂರದಲ್ಲಿ ಮಾತ್ರ ಎರಡು ಪಟ್ಟಿಗೂ ಹೆಚ್ಚು ಅಂತರ. ಅಂದಿನಿಂದ 45 ಡಿಗ್ರಿಗಿಂತ ಕಡಿಮೆ ವಾಲಿದವನ್ನು ಮುಟ್ಟುವುದಿಲ್ಲ. ಗೋಡೆಗೆ ತೂಗುಹಾಕುವಷ್ಟು ಚೆಂದದ ಗೆಲಾಕ್ಸಿಗಳೆಲ್ಲ ಈ ಕೆಲಸಕ್ಕೆ ಬಾರವು. ಕುರೂಪಿಯಾಗಿ, ಅಂಚು ತೋರಿಸಿ ಮಲಗಿದವೇ ನಮ್ಮವು.

ಟೇಪಿನ ಪ್ರಶ್ನೆ ಕೇಳಿದ್ದ ಹುಡುಗಿ ಈ ಹೊತ್ತಿಗೆ ನನ್ನ ಜೊತೆ ಸೇರಿಕೊಂಡಿದ್ದಳು. ಕನ್ಯಾ ಗುಚ್ಛವೆಂಬ ಗೆಲಾಕ್ಸಿಗಳ ಗುಂಪಿನ ಎಂ98ನ್ನು ಅವಳಿಗೆ ಕೊಟ್ಟೆ. ಮರುದಿನ ಬೆಳಿಗ್ಗೆಯೇ ಬಂದು, 'ಸರ್, ಹಾಳೆಯಲ್ಲಿ ವೇಗಕ್ಕೆ ಮೈನಸ್ ಇದೆ, ಅಚ್ಚಿನ ತಪ್ಪಿರಬೇಕು' ಎಂದಳು. ತಪ್ಪಲ್ಲ. ಎಂ98 ಸೆಕೆಂಡಿಗೆ ಸುಮಾರು 140 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. ಗುಚ್ಛದ ಸೆಳೆತಕ್ಕೆ ಸಿಕ್ಕಿ ಅಷ್ಟು ಜೋರಾಗಿ ಸುತ್ತುತ್ತಿದೆ. ದೂರ ಸರಿಯುವ ವೇಗ ನೋಡಿ ದೂರ ಹೇಳುವ ಹಬಲ್ ನಿಯಮ ಇಲ್ಲಿ ಕೈಚೆಲ್ಲುತ್ತದೆ. ಕೊಂಬಿನ ಅಗಲಕ್ಕೆ ಮಾತ್ರ ಗೆಲಾಕ್ಸಿ ಬಂದರೇನು, ಹೋದರೇನು? ಅವಳ ಲೆಕ್ಕದಲ್ಲಿ ದೂರ ಐದು ಕೋಟಿ ದಾಟಿತು. ಕನ್ಯಾ ಗುಚ್ಛ ಇರುವುದೂ ಅಲ್ಲೇ, ಸುಮಾರು 5.4 ಕೋಟಿಯಲ್ಲಿ.

ಈಗ ನಾವಿಬ್ಬರೂ ಒಬ್ಬರ ಅಂಕಿ ಇನ್ನೊಬ್ಬರು ನೋಡದೆ ಬೇರೆ ಬೇರೆ ಅಳೆಯುತ್ತೇವೆ, ಪುಸ್ತಕದ ದೂರವನ್ನು ಕೊನೆಗೆ ತೆರೆಯುತ್ತೇವೆ. ಹೋದ ವಾರದ ಗೆಲಾಕ್ಸಿಗೆ ನನ್ನ ವಾಲಿಕೆ 73, ಅವಳದು 70. ಯಾರೂ ಬಿಟ್ಟುಕೊಡಲಿಲ್ಲ. ಭಾನುವಾರ ಮತ್ತೊಮ್ಮೆ ಅಳೆಯುವುದು ಎಂದು ಒಪ್ಪಂದವಾಗಿದೆ.