ಜಾಯ್‌ಸ್ಟಿಕ್, ಥ್ರೋಟಲ್ ಸೆಟ್ ಮಾಡಿದ್ದು: ಕರ್ವ್ ಕೊನೆಗೆ

ಫ್ಲೈಟ್ ಸಿಮ್ಯುಲೇಟರ್‌ಗೆ (ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟಕ್ಕೆ) ಹೊಸ ಜಾಯ್‌ಸ್ಟಿಕ್ ಬಂದ ತಕ್ಷಣ ಬಹಳ ಜನ ಕೈಹಾಕುವುದು ಸೆನ್ಸಿಟಿವಿಟಿ ಕರ್ವ್‌ಗೆ, ಅಂದರೆ ಸ್ಟಿಕ್ ಎಷ್ಟು ಆಡಿಸಿದರೆ ವಿಮಾನ ಎಷ್ಟು ಸ್ಪಂದಿಸಬೇಕು ಎಂಬ ಗೆರೆಗೆ. ನಾನು ಅದನ್ನು ಕೊನೆಗೆ ಇಟ್ಟುಕೊಂಡೆ. ಸ್ಟಿಕ್‌ನಿಂದ ಬರುವ ಸಿಗ್ನಲ್ಲೇ ಸರಿಯಿಲ್ಲದಿದ್ದರೆ ಕರ್ವ್ ಎಷ್ಟು ತಿದ್ದಿದರೂ ವಿಮಾನ ಕೈಗೆ ಸಿಗುವುದಿಲ್ಲ.

ಹಾಗಾಗಿ ಸಿಮ್ಯುಲೇಟರ್ ತೆರೆಯುವ ಮೊದಲು ವಿಂಡೋಸ್‌ನ ಗೇಮ್ ಕಂಟ್ರೋಲರ್ ಸೆಟ್ಟಿಂಗ್‌ಗೆ ಹೋದೆ. ಅಲ್ಲಿ ಪ್ರಾಪರ್ಟೀಸ್ ಒತ್ತಿದರೆ ಚೌಕದೊಳಗೆ ಒಂದು ಪ್ಲಸ್ ಗುರುತು ಕಾಣುತ್ತದೆ. ಸ್ಟಿಕ್ ಮುಟ್ಟದೆ ಸುಮ್ನೆ ಅದನ್ನೇ ಸ್ವಲ್ಪ ಹೊತ್ತು ನೋಡಿ. ನಡುವೆ ಅಲ್ಲಾಡದೆ ನಿಂತರೆ ಸರಿ. ನನ್ನದರಲ್ಲಿ ಪಿಚ್ (ಮೂಗು ಮೇಲೆ-ಕೆಳಗೆ), ರೋಲ್ (ರೆಕ್ಕೆ ಎಡ-ಬಲಕ್ಕೆ ವಾಲುವುದು) ಗಟ್ಟಿಯಾಗಿ ನಿಂತಿದ್ದವು, ಆದರೆ ಹಿಡಿ ತಿರುಗಿಸಿ ರಡರ್ (ಬಾಲದ ಚುಕ್ಕಾಣಿ) ಆಡಿಸುವ ಟ್ವಿಸ್ಟ್ ಆಕ್ಸಿಸ್ ಸಣ್ಣಗೆ ನಡುಗುತ್ತಿತ್ತು. ಪೊಟೆನ್ಷಿಯೋಮೀಟರ್ (ಒಳಗೆ ಉಜ್ಜುತ್ತಾ ಸ್ಟಿಕ್ ಎಲ್ಲಿದೆಯೆಂದು ಅಳೆಯುವ ಭಾಗ) ಇರುವ ಸ್ಟಿಕ್‌ಗಳಲ್ಲಿ ಧೂಳು, ಸವೆತದಿಂದ ಹೀಗಾಗುತ್ತದೆ. ಹಾಲ್ ಸೆನ್ಸರ್ ಆಯಸ್ಕಾಂತದ ಮೇಲೆ ನಡೆಯುವುದರಿಂದ, ಒಳಗೆ ಉಜ್ಜುವ ಭಾಗವೇ ಇಲ್ಲದ್ದರಿಂದ, ಈ ತೊಂದರೆ ಬಹಳ ಕಡಿಮೆ. ಟ್ವಿಸ್ಟ್‌ಗೆ ಮಾತ್ರ 8% ಡೆಡ್‌ಝೋನ್ (ನಡುವೆ ಅಲ್ಲಾಡಿದರೂ ಲೆಕ್ಕಕ್ಕೆ ಬಾರದ ಜಾಗ) ಕೊಟ್ಟೆ, ಪಿಚ್ ಮತ್ತು ರೋಲ್‌ಗೆ 2% ಸಾಕಾಯಿತು. ಎಲ್ಲದಕ್ಕೂ ಒಂದೇ ಡೆಡ್‌ಝೋನ್ ಹಾಕುವುದು ನನಗೆ ಹಿಡಿಸುವುದಿಲ್ಲ. ಚೆನ್ನಾಗಿರುವ ಆಕ್ಸಿಸ್ ಅನ್ನೂ ಸುಮ್ಮನೆ ಮಂದ ಮಾಡಿದ ಹಾಗಾಗುತ್ತದೆ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ತನಗೆ ಗೊತ್ತಿರುವ ಸಾಧನಗಳಿಗೆ ತಾನೇ ಬಟನ್, ಆಕ್ಸಿಸ್ ಹಂಚಿಬಿಡುತ್ತದೆ. ಜಾಯ್‌ಸ್ಟಿಕ್ ಬುಡದಲ್ಲಿ ಪುಟ್ಟ ಥ್ರೋಟಲ್ (ಇಂಜಿನ್ ಶಕ್ತಿ ಏರಿಸಿ ಇಳಿಸುವ ಲಿವರ್) ಇದ್ದು, ಪಕ್ಕದಲ್ಲಿ ಬೇರೆ ಥ್ರೋಟಲ್ ಕೂಡ ಇದ್ದರೆ ಎರಡೂ ಒಂದೇ ಇಂಜಿನ್ನನ್ನು ಎಳೆದಾಡುತ್ತವೆ. ಇಂಜಿನ್ ತಾನಾಗಿಯೇ ಏರಿಳಿಯುತ್ತಿದ್ದರೆ ಮೊದಲು ಇದನ್ನೇ ನೋಡಿ. ನಾನು ಎರಡಕ್ಕೂ ಖಾಲಿ ಪ್ರೊಫೈಲ್ ಮಾಡಿ, ಬೇಕಾದಷ್ಟನ್ನೇ ಒಂದೊಂದಾಗಿ ಸೇರಿಸಿದೆ. ಥ್ರೋಟಲ್ ಆಕ್ಸಿಸ್ ಹೆಸರುಗಳು ಅಲ್ಲಿ ಒಂದರಂತೆ ಇನ್ನೊಂದಿರುತ್ತವೆ. ಒಂದನ್ನು ಆರಿಸಿ ಕಾಕ್‌ಪಿಟ್‌ನ ಲಿವರ್ ನೋಡುತ್ತಾ ಥ್ರೋಟಲ್ ತಳ್ಳಿ. ಪೂರ್ತಿ ತಳ್ಳಿದಾಗ ಪೂರ್ತಿ ಹೋಗಬೇಕು, ಪೂರ್ತಿ ಎಳೆದಾಗ ಐಡಲ್‌ಗೆ (ಇಂಜಿನ್‌ನ ಕನಿಷ್ಠ ಶಕ್ತಿಗೆ) ಬರಬೇಕು. ಉಲ್ಟಾ ಹೋದರೆ ರಿವರ್ಸ್ ಆಕ್ಸಿಸ್ ಟಿಕ್ ಮಾಡಿದರೆ ಆಯಿತು.

ಬಟನ್‌ಗಳಲ್ಲಿ ನಾನು ಮೊದಲ ಜಾಗ ಕೊಟ್ಟಿದ್ದು ಎಲಿವೇಟರ್ ಟ್ರಿಮ್‌ಗೆ (ಸ್ಟಿಕ್ ಹಿಡಿದಿರದೆಯೇ ಮೂಗನ್ನು ಬೇಕಾದಲ್ಲಿ ನಿಲ್ಲಿಸುವ ಹೊಂದಿಕೆಗೆ), ಅದೂ ಹೆಬ್ಬೆರಳಿಗೆ ಸಿಗುವ ಎರಡು ಬಟನ್‌ಗೆ. ಲ್ಯಾಂಡಿಂಗ್ ಗೇರ್, ದೀಪ, ಫ್ಲ್ಯಾಪ್ ಎಲ್ಲಿದ್ದರೂ ನಡೆಯುತ್ತದೆ, ಟ್ರಿಮ್ ಹಾಗಲ್ಲ. ನಮ್ಮ ಸ್ಟಿಕ್ ಸ್ಪ್ರಿಂಗ್‌ನಿಂದ ಯಾವಾಗಲೂ ನಡುವಿಗೇ ವಾಪಸ್ ಬರುತ್ತದೆ, ಅಲ್ವಾ? ಆದ್ದರಿಂದ ಮೂಗು ಎಲ್ಲಿರಬೇಕೋ ಅಲ್ಲಿ ಸ್ಟಿಕ್‌ನಿಂದ ಹಿಡಿದುಕೊಂಡು, ಟ್ರಿಮ್ ಒಂದೊಂದೇ ಸಲ ಒತ್ತುತ್ತಾ, ಕೈಯನ್ನು ಮೆಲ್ಲಗೆ ಸಡಿಲ ಬಿಡಬೇಕು. ಕೈ ಬಿಟ್ಟಾಗಲೂ ಮೂಗು ಅಲ್ಲೇ ನಿಂತರೆ ಟ್ರಿಮ್ ಆಯಿತು ಅಂತ ಅರ್ಥ. "ಸ್ಟಿಕ್ ಜಾಸ್ತಿ ಸೂಕ್ಷ್ಮ" ಎಂಬ ದೂರಿನಲ್ಲಿ ಅರ್ಧದಷ್ಟು ಟ್ರಿಮ್ ಮಾಡದೆ ಹಾರಿಸುವುದರಿಂದಲೇ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಇಷ್ಟಾದ ಮೇಲೆ ಕರ್ವ್. ಸೆಸ್ನಾ 172 ತೆಗೆದುಕೊಂಡು, ಸುಮಾರು 65 ನಾಟ್ ವೇಗದಲ್ಲಿ ರನ್‌ವೇಗೆ ಇಳಿಸುತ್ತಾ ನೋಡಿದೆ. ಪಿಚ್, ರೋಲ್ ಎರಡಕ್ಕೂ ಮೈನಸ್ 25 ಕೊಟ್ಟಾಗ ನಡುವಿನ ಭಾಗ ಮೆತ್ತಗಾಯಿತು, ಸಣ್ಣ ತಿದ್ದುಪಡಿ ಸುಲಭವಾಯಿತು. ಆ ಸಂಖ್ಯೆಯನ್ನು ಇನ್ನೂ ಕೆಳಗಿಳಿಸಿದರೆ ನಡುವೆ ಮೆತ್ತಗಾದಷ್ಟೂ ತುದಿಯಲ್ಲಿ ಚುರುಕಾಗುತ್ತದೆ, ಫ್ಲೇರ್‌ನಲ್ಲಿ, ಅಂದರೆ ನೆಲ ಮುಟ್ಟುವ ಮುನ್ನ ಮೂಗು ಎತ್ತಲು ಸ್ಟಿಕ್ ಎಳೆಯುವಾಗ, ಮೂಗು ಒಮ್ಮೆಲೇ ಜಿಗಿಯುತ್ತದೆ. ಥ್ರೋಟಲ್‌ಗೆ ಕರ್ವ್ ಬೇಡವೇ ಬೇಡ, ನೇರ ಗೆರೆಯೇ ಇರಲಿ.

ಏರ್‌ಬಸ್ ಎ320 ಹಾರಿಸುವವರಿಗೆ ಇನ್ನೊಂದು ಕೆಲಸವಿದೆ. ಅದರ ಥ್ರಸ್ಟ್ ಲಿವರ್ ಐಡಲ್, ಕ್ಲೈಂಬ್ (ಮೇಲೇರಲು), ಫ್ಲೆಕ್ಸ್ (ಕಡಿಮೆ ಶಕ್ತಿಯ ಟೇಕಾಫ್‌ಗೆ), ಟೋಗಾ (ಪೂರ್ತಿ ಶಕ್ತಿ) ಎಂಬ ನಿಗದಿತ ಜಾಗಗಳಲ್ಲಿ ನಿಲ್ಲುತ್ತದೆ. ಫ್ಲೈಬೈವೈರ್ ಎಂಬ ತಂಡ ಸಿಮ್ಯುಲೇಟರ್‌ಗೆಂದು ಮಾಡಿದ ಎ320ಯಲ್ಲಿ ಕಾಕ್‌ಪಿಟ್‌ನ ಟ್ಯಾಬ್ಲೆಟ್‌ನಿಂದಲೇ ಇವನ್ನು ಕ್ಯಾಲಿಬ್ರೇಟ್ ಮಾಡಬಹುದು. ಪ್ರತಿ ಜಾಗಕ್ಕೂ ಸ್ವಲ್ಪ ಅಗಲ ಬಿಟ್ಟು ಸೆಟ್ ಮಾಡಿ, ಇಲ್ಲದಿದ್ದರೆ ಲಿವರ್ ಕೂದಲೆಳೆಯಷ್ಟು ಜರುಗಿದರೂ ಕ್ಲೈಂಬ್ ತಪ್ಪುತ್ತದೆ.

ಕೊನೆಗೆ ಪ್ರೊಫೈಲ್‌ಗೆ ವಿಮಾನದ ಹೆಸರಿಟ್ಟು ಸೇವ್ ಮಾಡಿ. ಎರಡೂ ಸಾಧನಗಳನ್ನು ಯಾವಾಗಲೂ ಅದೇ ಯುಎಸ್‌ಬಿ ಪೋರ್ಟ್‌ಗೇ ಹಾಕಿ, ಏಕೆಂದರೆ ಪೋರ್ಟ್ ಬದಲಾದರೆ ಕೆಲವು ಸಿಮ್ಯುಲೇಟರ್‌ಗಳು ಹೊಸ ಸಾಧನ ಬಂತೆಂದುಕೊಂಡು ನಿಮ್ಮ ಸೆಟ್ಟಿಂಗ್ ಪಕ್ಕಕ್ಕಿಡುತ್ತವೆ.